ಸರ್ಪಗಂಧದ ಬೇರಿನಿಂದ ಬಿ.ಪಿ. ಮಾತ್ರೆ

ಬಿ.ಪಿ. ಇಳಿಸುವ ಮೊದಮೊದಲ ಪರಿಣಾಮಕಾರಿ ಮಾತ್ರೆಗಳಲ್ಲಿ ಒಂದು ಬಂದದ್ದು ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಸರ್ಪಗಂಧದ ಬೇರಿನಿಂದ. ಪುಟ್ಟ ಗಿಡ, ಕೆಂಪು ತೊಟ್ಟಿನ ಬಿಳಿ ಹೂ, ಕಡುಕಹಿ ಬೇರು. ನಾಟಿ ವೈದ್ಯರು ಇದನ್ನು ನಿದ್ದೆಗೂ ಬುದ್ಧಿಭ್ರಮಣೆಗೂ ಕೊಡುತ್ತಿದ್ದರು. ಮುಂಬೈನ ಹೃದ್ರೋಗ ತಜ್ಞ ಡಾ. ರುಸ್ತುಂ ಜಾಲ್ ವಕೀಲ್ ತಮ್ಮ ಬಿ.ಪಿ. ರೋಗಿಗಳಲ್ಲಿ ಈ ಬೇರಿನಿಂದ ಕಂಡ ಫಲವನ್ನು 1949ರಲ್ಲಿ ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಪ್ರಕಟಿಸಿದ ಮೇಲೆ ಪಾಶ್ಚಾತ್ಯ ವೈದ್ಯರು ಇತ್ತ ಕಣ್ಣು ಹಾಯಿಸಿದರು. ಎಂಥ ಹೆಮ್ಮೆಯ ಕೆಲಸ! 1952ರಲ್ಲಿ ಸ್ವಿಟ್ಜರ್ಲೆಂಡ್‌ನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನಿಂದ ಬಿ.ಪಿ. ಇಳಿಸುವ ಅಂಶವಾದ ರಿಸರ್ಪಿನ್ ಅನ್ನು ಬೇರ್ಪಡಿಸಿದರು. ನರತುದಿಗಳಲ್ಲಿ ಶೇಖರವಾಗಿರುವ, ರಕ್ತನಾಳ ಬಿಗಿಸುವ ನಾರ್‌ಅಡ್ರಿನಲಿನ್ ಅನ್ನು ಇದು ಬರಿದು ಮಾಡುತ್ತದೆ. ಬಿಗಿದ ರಕ್ತನಾಳ ಸಡಿಲಗೊಳ್ಳುತ್ತದೆ. ಖಿನ್ನತೆಯಂಥ ಅಡ್ಡಪರಿಣಾಮಗಳ ಭಯ, ಜೊತೆಗೆ ಹೊಸ ಔಷಧಗಳ ಆಗಮನದಿಂದ ವೈದ್ಯರು ಈಗ ಇದನ್ನು ಬರೆದುಕೊಡುವುದು ಅಪರೂಪ. ಬೇರಿಗಾಗಿ ಕಿತ್ತೂ ಕಿತ್ತೂ ಕಾಡಿನಲ್ಲಿ ಗಿಡವೇ ವಿರಳವಾಗಿರುವುದು ಸಂಕಟದ ಸಂಗತಿ.