ಹೆಣಿಗೆ ಮುಗಿದ ಮೇಲೆ

ಕಡ್ಡಿಯಿಂದ ಕೊನೆಯ ಕುಣಿಕೆ ಜಾರಿದೊಡನೆ ಸ್ವೆಟರ್ ಸಿದ್ಧವಾಯಿತೆಂದು ನಂಬಿದವರಲ್ಲಿ ನಾನೂ ಒಬ್ಬನಾಗಿದ್ದೆ. ಆ ನಂಬಿಕೆ ಎಷ್ಟು ಪೊಳ್ಳೆಂಬುದು ತಿಳಿಯಲು ಒಂದು ಬಕೆಟ್ ನೀರು, ಅಂಗಳದ ಒಂದು ಹಗ್ಗ ಮತ್ತು ಅಕ್ಕನ ಎರಡು ತಿಂಗಳ ದುಡಿಮೆ ಬೇಕಾದವು.

ಆಳಂದ ತಾಲೂಕಿನ ಜಿಡಗಾ ನಮ್ಮೂರು. ಬಿಸಿಲಿಗೆ ಹೆಸರಾದ ಕಲಬುರಗಿಯ ಸೀಮೆಯಲ್ಲಿ ಸ್ವೆಟರಿನ ಮಾತೇಕೆಂದು ಓದುಗರು ನಕ್ಕಾರು. ಆದರೆ ಎಳ್ಳಮಾವಾಸ್ಯೆಯ ಸುಮಾರಿಗೆ, ತೊಗರಿಯ ರಾಶಿ ಕಾಯುತ್ತ ಕಣದಲ್ಲಿ ಮಲಗಿ ಎದ್ದವರು ನಗಲಾರರು. ಎರೆಹೊಲದ ಮೇಲೆ ಬೀಸುವ ಆ ರಾತ್ರಿಯ ಗಾಳಿ ಎಲುಬಿಗೇ ತಾಕುತ್ತದೆ. ಅಪ್ಪನಿಗೆ ಉಬ್ಬಸ. ಕಂಬಳಿ ಹೊದ್ದು ಕುಳಿತಷ್ಟು ಹೊತ್ತು ಬೆಚ್ಚಗಿರುತ್ತಿದ್ದರು; ಎದ್ದು ಕೆಲಸಕ್ಕೆ ಕೈ ಹಚ್ಚಿದರೆ ಅದು ಹೆಗಲಿನಿಂದ ಜಾರುತ್ತಿತ್ತು. ಅದಕ್ಕೆಂದೇ ಅಕ್ಕ ಸೊಲ್ಲಾಪುರದ ಪೇಟೆಯಿಂದ ಅಪ್ಪಟ ಉಣ್ಣೆಯ ದಾರ ತರಿಸಿ, ದೀಪಾವಳಿಯಂದು ಹೆಣೆಯಲು ಕುಳಿತಳು. ಅಪ್ಪನ ಎದೆ, ತೋಳು, ಬೆನ್ನುಗಳ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದಳು.

ಹೆಣಿಗೆ ಮುಗಿದ ದಿನ ಅಕ್ಕ ಮನೆಯಲ್ಲಿರಲಿಲ್ಲ. ಉಪಕಾರ ಮಾಡುವ ಹುಮ್ಮಸ್ಸಿನಲ್ಲಿ ನಾನು ಅದನ್ನು ನೀರಿನಲ್ಲಿ ಅದ್ದಿ, ಹಿಂಡದೆಯೇ ಹಗ್ಗದ ಮೇಲೆ ತೂಗಿಬಿಟ್ಟೆ. ಸಂಜೆ ನೋಡಿದರೆ ತೋಳುಗಳು ಮೊಣಕಾಲು ಮುಟ್ಟುವಂತಿದ್ದವು! ಆಜಾನುಬಾಹುಗಳ ವರ್ಣನೆಯನ್ನು ಕಾವ್ಯಗಳಲ್ಲಿ ಓದಿದ್ದೆ; ನಮ್ಮ ಅಂಗಳದಲ್ಲಿ ಕಂಡದ್ದು ಅಂದೇ.

ನೆರೆಮನೆಯ ಮುತ್ಯಾ ಕಂಬಳಿ ನೇಯುತ್ತಿದ್ದವರು. ನನ್ನ ಮುಖ ನೋಡಿಯೇ ಸಂಗತಿ ತಿಳಿದುಕೊಂಡರು. “ಹಸಿ ಉಣ್ಣಿ ತೂಗಿ ಹಾಕಬಾರದು ತಮ್ಮಾ. ಮತ್ತ ನೀರಾಗ ಹಾಕು, ಮಲಗಿಸಿ ಒಣಗಸು. ನೀರು ಕೆಡಿಸಿದ್ದನ್ನ ನೀರೇ ನೆಟ್ಟಗ ಮಾಡ್ತದ,” ಎಂದರು.

ಮುತ್ಯಾ ಹೇಳಿದ್ದು ಶಾಸ್ತ್ರಸಮ್ಮತವಾದ ಮಾತೇ. ನಮ್ಮ ಕೂದಲು, ಉಗುರುಗಳಂತೆ ಉಣ್ಣೆಯೂ ಕೆರಾಟಿನ್ ಎಂಬ ವಸ್ತುವಿನಿಂದಾದದ್ದು. ಅದರ ಅಣುಸರಪಣಿಗಳನ್ನು ಹಿಡಿದಿಟ್ಟ ಜಲಜನಕದ ಬಂಧಗಳು ನೀರಿನಲ್ಲಿ ಸಡಿಲಗೊಂಡು, ಒಣಗುವಾಗ ಮತ್ತೆ ಬಿಗಿಯುತ್ತವೆ. ಯಾವ ಆಕಾರದಲ್ಲಿ ಒಣಗಿತೋ ಅದೇ ಅದರ ಆಕಾರ. 1930ರ ದಶಕದಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ವಿಲಿಯಂ ಆಸ್ಟ್‌ಬರಿ, ಉಣ್ಣೆಯ ಎಳೆಯನ್ನು ಎಳೆದಾಗ ಅದರೊಳಗೆ ಮಡಿಸಿಕೊಂಡ ಸರಪಣಿಗಳು ನೀಳವಾಗುವುದನ್ನು ಕ್ಷ-ಕಿರಣಗಳ ನೆರವಿನಿಂದ ತೋರಿಸಿದರು. ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳ ಹೆಣಿಗೆಯವರು ತೊಳೆದ ಸ್ವೆಟರನ್ನು ಮರದ ಚೌಕಟ್ಟಿಗೆ ತೊಡಿಸಿ ಒಣಗಿಸುವುದೂ ಇದೇ ತತ್ತ್ವದ ಮೇಲೆ.

ಅಕ್ಕ ಬಂದವಳು ಬಯ್ಯಲಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಸ್ವೆಟರನ್ನು ಅರ್ಧ ಗಂಟೆ ನೆನೆಯಿಟ್ಟಳು. ಎತ್ತುವಾಗ ಕೆಳಗಿನಿಂದ ಎರಡೂ ಕೈ ಕೊಟ್ಟು, ಎಳೆಗೂಸನ್ನು ಎತ್ತಿದಂತೆ ಎತ್ತಿದಳು. ಹಿಂಡಲಿಲ್ಲ, ಸೊಲ್ಲಾಪುರದ ದಪ್ಪ ಟವೆಲಿನಲ್ಲಿ ಸುರುಳಿ ಸುತ್ತಿ ಮೇಲೆ ಒತ್ತಿದಳು. ಬಳಿಕ ಹೊರಸಿನ ಮೇಲೆ ಗೋಣಿ, ಅದರ ಮೇಲೆ ಹಳೆಯ ಧೋತರ ಹಾಸಿ, ಚೀಟಿಯ ಅಳತೆಗೆ ಸರಿಯಾಗಿ ಸ್ವೆಟರನ್ನು ಹರಡಿದಳು. ಕಬ್ಬಿಣದ ಸೂಜಿ ತುಕ್ಕಿನ ಕಲೆ ಬಿಡುತ್ತದೆಂದು ಜಾಲಿಯ ಉದ್ದ ಮುಳ್ಳುಗಳನ್ನು ಅಂಚಿನುದ್ದಕ್ಕೂ ಚುಚ್ಚಿದಳು. ಕೊರಳು, ಮಣಿಕಟ್ಟು, ಸೊಂಟದ ಪಟ್ಟಿಗಳನ್ನು ಮಾತ್ರ ಎಳೆಯದೆ ಸುಮ್ಮನೆ ಬಿಟ್ಟಳು. ಎಳೆದರೆ ಅವುಗಳ ಬಿಗಿ ಹೋಗುತ್ತದೆ. ನೆರಳಿನಲ್ಲಿ ಎರಡು ದಿನ ಒಣಗಿ ಮುಳ್ಳು ಕಿತ್ತಾಗ ಸೊಟ್ಟಗಿದ್ದ ಕುಣಿಕೆಗಳೆಲ್ಲ ತೊಗರಿಯ ಸಾಲಿನಂತೆ ನೆಟ್ಟಗೆ ನಿಂತಿದ್ದವು. ಜೋತಾಡುತ್ತಿದ್ದ ದಾರದ ತುದಿಗಳನ್ನು ಕಡೆಗೆ ಒಳಮೈಯಲ್ಲಿ ಪೋಣಿಸಿ ಮರೆಮಾಡಿದಳು.

ಕುದಿನೀರು ಹಾಕಿ ತಿಕ್ಕಿದ್ದರೆ ಈ ಕತೆಯೇ ಬೇರೆಯಾಗುತ್ತಿತ್ತು. ಉಣ್ಣೆಯ ಎಳೆಯ ಮೇಲೆ ಹೆಂಚು ಹೊದಿಸಿದಂತೆ ಸೂಕ್ಷ್ಮ ಚಿಪ್ಪುಗಳಿರುತ್ತವೆ. ಬಿಸಿ, ಸಾಬೂನು, ತಿಕ್ಕಾಟಗಳು ಸೇರಿದರೆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ. ಅದು ಮತ್ತೆ ಬಿಡಿಸಿಕೊಳ್ಳದು. ನೀರಿನ ತಪ್ಪಿಗೆ ಪರಿಹಾರವುಂಟು, ಬೆಂಕಿಯ ತಪ್ಪಿಗಿಲ್ಲ. ಇಂದು ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೊಡುವ ದಾರ ಎಷ್ಟೋ ಸಲ ಅಕ್ರಿಲಿಕ್ ಆಗಿರುತ್ತದೆ. ತುಣುಕೊಂದನ್ನು ಸುಟ್ಟು ನೋಡಿದರೆ ಗೊತ್ತಾಗುತ್ತದೆ: ಉಣ್ಣೆ ಕೂದಲಿನ ವಾಸನೆ ಬೀರಿ ಬೂದಿಯಾಗುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಕ್ರಿಲಿಕ್ ನೀರಿನ ಮಾತನ್ನು ಉಣ್ಣೆಯಷ್ಟು ಕೇಳದು. ಇಸ್ತ್ರಿ ತಾಗಿದರಂತೂ ಜೀವ ಕಳೆದುಕೊಂಡು ಜೋಲುತ್ತದೆ.

ಮುತ್ಯಾನ ಕಸುಬಿನಲ್ಲಿಯೂ ಹದವೇ ದೊಡ್ಡದು. ದಖನಿ ಕುರಿಯ ಒರಟು ಉಣ್ಣೆಯ ಹಾಸಿಗೆ ಹುಣಸೆಬೀಜದ ಗಂಜಿ ಹಚ್ಚಿ ಒಣಗಿಸಿದರೇ ಎಳೆಗಳು ಮಗ್ಗದ ಪೆಟ್ಟು ತಾಳುತ್ತವೆ. ಆದರೆ ಕಂಬಳಿಗೆ ಯಾರ ಮೈಯಳತೆಯೂ ಬೇಡ, ಹೊದ್ದವನದೇ ಅದು. ಸ್ವೆಟರ್ ಹಾಗಲ್ಲ, ಅದು ಒಬ್ಬರದು.

ಆ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವಾಗ ಅಪ್ಪ ಅದನ್ನು ತೊಟ್ಟಿದ್ದರು. ಮುಂದೆಯೂ ಹಲವು ಚಳಿಗಾಲ ತೊಟ್ಟರು. ಪ್ರತಿವರ್ಷ ಅಕ್ಕ ತೊಳೆದು, ಅದೇ ಚೀಟಿ ನೋಡಿ ಮುಳ್ಳು ಚುಚ್ಚುತ್ತಿದ್ದಳು.

ಅಪ್ಪ ತೀರಿಕೊಂಡ ಮೇಲೆ ಪೆಟ್ಟಿಗೆಯಿಂದ ಸ್ವೆಟರ್ ತೆಗೆದೆ. ಎರಡೂ ಮೊಣಕೈಗಳಲ್ಲಿ ಅವರ ತೋಳಿನ ಬಾಗು ಹಾಗೆಯೇ ಉಳಿದಿತ್ತು. ತೊಳೆದರೆ ಆ ಬಾಗು ಅಳಿದುಹೋಗುತ್ತದೆ. ತೊಳೆಯದೆ ಇಟ್ಟರೆ, ಬೆವರು ಕುಡಿದ ಉಣ್ಣೆಯನ್ನು ಹುಳು ಬಿಡುವುದಿಲ್ಲ. ನಾನು ಅದನ್ನು ಮಡಿಸಿ ಮತ್ತೆ ಒಳಗಿಟ್ಟೆ. ಹಾಗೆ ಮೂರು ಸಲ ತೆಗೆದೆ, ಮೂರು ಸಲ ಇಟ್ಟೆ.

ಕೊನೆಗೆ ನೀರಿಗೆ ಹಾಕಿದವಳು ಅಕ್ಕನೇ. ಹೊರಸಿನ ಮೇಲೆ ಧೋತರ ಹಾಸಿ, ಮುಳ್ಳುಗಳ ಡಬ್ಬಿಯನ್ನು ಪಕ್ಕಕ್ಕಿಟ್ಟುಕೊಂಡು ಕುಳಿತಳು. ನಾನು ಹಳೆಯ ಚೀಟಿಯನ್ನು ಕೈಗೆ ಕೊಡಹೋದೆ. ಅವಳು ತೆಗೆದುಕೊಳ್ಳಲಿಲ್ಲ.

“ಇಲ್ಲಿ ಬಂದು ನಿಲ್ಲು, ನಿನ್ನ ತೋಳು ಚಾಚು,” ಎಂದಳು.