ಮಲೇರಿಯಾ ಇಲ್ಲ ಅಂದರೆ ಮತ್ತ್ಯಾವ ಜ್ವರ?



ಮಳೆಗಾಲ ಬಂತೆಂದರೆ ಸಂಘದ ಪುಸ್ತಕದಲ್ಲಿ ಜ್ವರಕ್ಕೆಂದು ತೆಗೆದ ಸಾಲ ಹೆಚ್ಚಾಗುತ್ತದೆ. ರಕ್ತಪರೀಕ್ಷೆಯಲ್ಲಿ ಮಲೇರಿಯಾ ಇಲ್ಲ ಅಂತ ಬಂದ ಕೂಡಲೇ “ಏನೂ ಇಲ್ವಂತೆ, ಬರೀ ಜ್ವರ” ಎಂದು ಒಂದು ಇಂಜೆಕ್ಷನ್, ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸಿಕೊಂಡು ಕೂಲಿಗೆ ಹೋಗುವವರನ್ನು ನಾವು ನೋಡುತ್ತಲೇ ಇದ್ದೇವೆ. ಮಲೇರಿಯಾ ಇಲ್ಲ ಅಂದರೆ ಬೇರೆ ಕಾರಣ ಹುಡುಕಬೇಕು ಅಂತಲೇ ಅರ್ಥ. ಜ್ವರ ಬಿಡದಿದ್ದರೆ ಮಲೇರಿಯಾ ಪರೀಕ್ಷೆಯನ್ನೂ ಇನ್ನೊಮ್ಮೆ ಮಾಡಿಸಬೇಕು. ಮೊದಲ ಸಲ ಸಿಗದೆ ಇರುವುದುಂಟು.

ಮೊದಲು ಡೆಂಗ್ಯೂ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಇದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಇದರ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ. ಹುಟ್ಟುವುದು ಚರಂಡಿಯಲ್ಲಿ ಅಲ್ಲ, ನಾವೇ ತುಂಬಿಟ್ಟ ಡ್ರಮ್ಮು, ತೊಟ್ಟಿಯ ನೀರಿನಲ್ಲಿ. ದಿಢೀರ್ ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ನೋವು ಇದರ ಗುರುತು. ಮೂರರಿಂದ ಏಳನೇ ದಿನದೊಳಗೆ ಜ್ವರ ಇಳಿಯುತ್ತದೆ, ‘ವಾಸಿಯಾಯ್ತು’ ಅಂದುಕೊಳ್ಳುತ್ತಾರೆ. ಅಪಾಯ ಶುರುವಾಗುವುದು ಆಗಲೇ! ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಬರೀ ಪ್ಲೇಟ್‌ಲೆಟ್ ಲೆಕ್ಕ ಹಿಡಿದು ಕೂರುವುದೂ ಸರಿಯಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ, ಇಂಜೆಕ್ಷನ್ ರಕ್ತಸ್ರಾವ ಹೆಚ್ಚಿಸಬಹುದು.

ಅದೇ ಸೊಳ್ಳೆಯಿಂದ ಬರುವುದು ಚಿಕೂನ್‌ಗುನ್ಯಾ. 2006ರಲ್ಲಿ ರಾಜ್ಯದಲ್ಲಿ 7 ಲಕ್ಷಕ್ಕೂ ಹೆಚ್ಚು ಜನರಿಗೆ ಬಂದಿರುವ ಶಂಕೆ ಇತ್ತು. ಕಸಬರಿಗೆ ಹಿಡಿಯಲಿಕ್ಕೂ ಆಗದಂಥ ಆ ಕೀಲುನೋವು ಹಿರಿಯ ಸದಸ್ಯೆಯರಿಗೆ ನೆನಪಿರಬಹುದು.

ಭದ್ರಾ ನಾಲೆಯ ಗದ್ದೆಗಳಲ್ಲಿ ನಾಟಿ ಮಾಡುವವರು ಇಲಿಜ್ವರದ ಬಗ್ಗೆ ತಿಳಿದಿರಬೇಕು. ಇಲಿಯ ಮೂತ್ರ ಸೇರಿದ ನೀರು ಕಾಲಿನ ಗಾಯ, ಬಿರುಕಿನಿಂದ ಮೈಗೆ ಇಳಿಯುತ್ತದೆ. ಮೀನಖಂಡ ಮುಟ್ಟಲಾಗದಷ್ಟು ನೋವು, ಕೆಂಪು ಕಣ್ಣು, ಕೆಲವರಿಗೆ ಕಾಮಾಲೆ. ಹುಲ್ಲು, ಸೌದೆ ತರುವವರಿಗೆ ಸ್ಕ್ರಬ್ ಟೈಫಸ್ ಎಂಬ ಇನ್ನೊಂದು ಜ್ವರ. ಪೊದೆಯಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಕಚ್ಚಿದ ಜಾಗದಲ್ಲಿ ಬೀಡಿಯಿಂದ ಸುಟ್ಟಂಥ ಕರೀ ಹಕ್ಕಳೆ ಕಾಣಬಹುದು. ಕಂಕುಳು, ಸೊಂಟ, ಎದೆಯ ಕೆಳಗೆ ಇದ್ದರೆ ನಾಚಿಕೆಯಿಂದ ಹೆಣ್ಣುಮಕ್ಕಳು ತೋರಿಸುವುದೇ ಇಲ್ಲ. ದಯವಿಟ್ಟು ತೋರಿಸಿ. ಬೇಗ ಗೊತ್ತಾದರೆ ಇವೆರಡಕ್ಕೂ ದುಬಾರಿಯಲ್ಲದ ಔಷಧಿಯೇ ಸಾಕಾಗುತ್ತದೆ.

ಟೈಫಾಯಿಡ್ ಕೆಟ್ಟ ನೀರು, ಆಹಾರದಿಂದ ಬರುತ್ತದೆ. ಜ್ವರ ದಿನೇ ದಿನೇ ಏರುತ್ತದೆ. ಮೊದಲ ವಾರದ ವಿಡಾಲ್ ಪರೀಕ್ಷೆಯೊಂದನ್ನೇ ನಂಬುವಂತಿಲ್ಲ.

ಡಾಕ್ಟರು ಕೇಳದಿದ್ದರೂ ನೀವೇ ಹೇಳಿ: ಜ್ವರ ಎಷ್ಟು ದಿನದ್ದು, ಗದ್ದೆಗೆ ಇಳಿದಿದ್ದಿರಾ, ಮಲೆನಾಡಿನ ಕಡೆ ಕೆಲಸಕ್ಕೆ ಹೋಗಿದ್ದಿರಾ (1957ರಲ್ಲಿ ಸೊರಬದ ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆ ಅಲ್ಲಿ ಈಗಲೂ ಇದೆ), ಬಸುರಿಯಾಗಿದ್ದೀರಾ, ಏನೇನು ಮಾತ್ರೆ ನುಂಗಿದ್ದೀರಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮಲೇರಿಯಾ ಪರೀಕ್ಷೆಗೆ ದುಡ್ಡಿಲ್ಲ. ಎರಡು ಮೂರು ದಿನಕ್ಕೂ ಜ್ವರ ಬಿಡದಿದ್ದರೆ ಹಳೇ ಚೀಟಿಗಳನ್ನೆಲ್ಲ ಹಿಡಿದುಕೊಂಡು ಹರಿಹರದ ತಾಲ್ಲೂಕು ಆಸ್ಪತ್ರೆಗೋ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ ಹೋಗಿ.