ನಕ್ಷತ್ರ ಅಳೆಯಲು ನಕ್ಷತ್ರವೇ ಬೇಕು

ಶಿರಾಲಿಯ ಅಳ್ವೆಕೋಡಿ ಕಡಲತೀರದಲ್ಲಿ ಫೆಬ್ರವರಿಯ ರಾತ್ರಿ ಎಂಟೂವರೆಗೆ ನಿಂತರೆ ಆರ್ದ್ರಾ ನಕ್ಷತ್ರ ನೆತ್ತಿಯ ಸಮೀಪ ಕೆಂಪಗೆ ಹೊಳೆಯುತ್ತಿರುತ್ತದೆ. ಮಧ್ಯರಾತ್ರಿ ಕಳೆದು ಅರಬ್ಬೀ ಸಮುದ್ರದತ್ತ ಇಳಿಯುವಾಗ ಅದೇ ನಕ್ಷತ್ರ ಕಳೆಗುಂದಿರುತ್ತದೆ. ನಕ್ಷತ್ರಕ್ಕೆ ಏನೂ ಆಗಿಲ್ಲ. ನೆತ್ತಿಯಿಂದ 60 ಡಿಗ್ರಿ ಇಳಿದ ಮೇಲೆ ಅದರ ಬೆಳಕು ಇಮ್ಮಡಿ ಗಾಳಿಯನ್ನು ಹಾಯ್ದು ಬರಬೇಕು. ಕರಾವಳಿಯ ಗಾಳಿಯಲ್ಲಿ ತೇವ, ಉಪ್ಪಿನ ಕಣ, ಹೊಗೆ ಎಲ್ಲವೂ ಇವೆ.

2019ರ ಕೊನೆಗೆ ಮಾತ್ರ ಆರ್ದ್ರಾ ನಿಜವಾಗಿಯೇ ಮಂಕಾಯಿತು. ಸಾಮಾನ್ಯವಾಗಿ 0.5ರ ಆಸುಪಾಸಿನಲ್ಲಿರುವ ಅದರ ಕಾಂತಿಮಾನ 2020ರ ಫೆಬ್ರವರಿಯಲ್ಲಿ 1.6ರವರೆಗೆ ಹೋಯಿತು. (ಕಾಂತಿಮಾನದ ಅಂಕಿ ಏರಿದಷ್ಟೂ ಬೆಳಕು ಕಡಿಮೆ.) ಇದು ಗಾಳಿಯ ಆಟವಲ್ಲ ಎಂದು ತಿಳಿದದ್ದು ನೆರೆಯ ನಕ್ಷತ್ರಗಳಿಂದ. ಮಹಾವ್ಯಾಧ ನಕ್ಷತ್ರಪುಂಜದ ಒಂದು ಭುಜ ಆರ್ದ್ರಾ; ಇನ್ನೊಂದು ಭುಜದಲ್ಲಿರುವ ಬೆಲಾಟ್ರಿಕ್ಸ್‌ನ ಕಾಂತಿಮಾನ 1.64. ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರುವ ಎರಡಕ್ಕೂ ಗಾಳಿ ಒಂದೇ ಪ್ರಮಾಣದಲ್ಲಿ ಅಡ್ಡ ಬರುತ್ತದೆ. ಬೆಲಾಟ್ರಿಕ್ಸ್ ಇದ್ದ ಹಾಗೇ ಇದ್ದು ಆರ್ದ್ರಾ ಅದರ ಮಟ್ಟಕ್ಕೆ ಇಳಿದದ್ದನ್ನು ಬರಿಗಣ್ಣಿನಿಂದಲೇ ನೋಡಬಹುದಿತ್ತು.

ಖಗೋಳಶಾಸ್ತ್ರದಲ್ಲಿ ಬೆಳಕಿನ ಅಳತೆಯೆಲ್ಲ ನಿಂತಿರುವುದು ಇಂಥ ಹೋಲಿಕೆಯ ಮೇಲೆಯೇ. ಅಂಗಡಿಯ ತಕ್ಕಡಿಗೆ ಮುದ್ರೆ ಬಿದ್ದ ತೂಕದ ಕಲ್ಲು ಇರುವಂತೆ, ದೂರದರ್ಶಕಕ್ಕೆ ಮಾನಕ ನಕ್ಷತ್ರಗಳಿವೆ. ಅಳತೆಗೋಲನ್ನು ಖಚಿತಗೊಳಿಸಿದವರು ನಾರ್ಮನ್ ಪಾಗ್ಸನ್. ಐದು ಕಾಂತಿಮಾನದ ಅಂತರವೆಂದರೆ ಬೆಳಕಿನಲ್ಲಿ ಸರಿಯಾಗಿ 100 ಪಟ್ಟು ಎಂದು ಅವರು 1856ರಲ್ಲಿ ಸೂಚಿಸಿದರು. 1861ರಲ್ಲಿ ಮದ್ರಾಸ್ ವೀಕ್ಷಣಾಲಯಕ್ಕೆ ಬಂದವರು 1891ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ದುಡಿದರು. ಆ ವೀಕ್ಷಣಾಲಯದ ಪರಂಪರೆಯೇ ಕೊಡೈಕನಾಲ್ ದಾಟಿ ಇಂದು ಬೆಂಗಳೂರಿನ ಕೋರಮಂಗಲದ ಭಾರತೀಯ ತಾರಾಭೌತ ವಿಜ್ಞಾನ ಸಂಸ್ಥೆಯಾಗಿ ಬೆಳೆದಿದೆ.

ಅಭಿಜಿತ್ ನಕ್ಷತ್ರವನ್ನು ಕಾಂತಿಮಾನದ ಸೊನ್ನೆಯ ಗುರುತಾಗಿ ಬಹುಕಾಲ ಹಿಡಿದರು. ಆದರೆ ದೊಡ್ಡ ದೂರದರ್ಶಕಕ್ಕೆ ಅದರ ಬೆಳಕು ಅತಿಯಾಯಿತು. ಮಂದ ನಕ್ಷತ್ರಗಳು ಬೇಕಾದವು. ಅಮೆರಿಕದ ಆರ್ಲೋ ಲ್ಯಾಂಡೋಲ್ಟ್ ವರ್ಷಗಟ್ಟಲೆ ಅಳೆದು 1992ರಲ್ಲಿ 526 ನಕ್ಷತ್ರಗಳ ಪಟ್ಟಿ ಪ್ರಕಟಿಸಿದರು. ಎಲ್ಲವೂ ಆಕಾಶದ ವಿಷುವದ್ವೃತ್ತದ ಆಸುಪಾಸಿನವು. ಉತ್ತರ, ದಕ್ಷಿಣ ಎರಡೂ ಗೋಳಾರ್ಧದವರಿಗೆ ಕಾಣಲೆಂದೇ ಈ ಆಯ್ಕೆ. ಶಿರಾಲಿ 14 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಇಲ್ಲಿ ಅವು ಸುಮಾರು 76 ಡಿಗ್ರಿ ಎತ್ತರಕ್ಕೇರುತ್ತವೆ.

ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ, ಕೋರಮಂಗಲದ ಅದೇ ಸಂಸ್ಥೆಯ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ಬೆಂಗಳೂರು ಬಳಿಯ ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ. ಅಂಥ ವೀಕ್ಷಣೆಯಲ್ಲಿ ಕೆಲಸ ಹೀಗೆ ಸಾಗುತ್ತದೆ: ಮಾನಕ ನಕ್ಷತ್ರವೊಂದನ್ನು ಮೇಲಿದ್ದಾಗ ಒಮ್ಮೆ, ನಡುವೆ ಇನ್ನೊಮ್ಮೆ, ಕೆಳಗಿಳಿದಾಗ ಮತ್ತೊಮ್ಮೆ ಅಳೆಯಬೇಕು. ಹಾಯ್ದ ಗಾಳಿಯ ಪ್ರಮಾಣಕ್ಕೆ ಎದುರಾಗಿ ಆ ಅಂಕಿಗಳನ್ನು ಗ್ರಾಫ್ ಹಾಳೆಯಲ್ಲಿಟ್ಟರೆ ಒಂದು ಓರೆ ಗೆರೆ ಮೂಡುತ್ತದೆ. ಗೆರೆಯ ಓರೆಯೇ ಆ ರಾತ್ರಿ ಗಾಳಿ ಕದ್ದ ಬೆಳಕಿನ ಲೆಕ್ಕ. ಗೆರೆಯನ್ನು ಹಿಂದಕ್ಕೆ, ಗಾಳಿ ಸೊನ್ನೆಯಾಗುವ ಕಡೆಗೆ ಎಳೆದರೆ ವಾತಾವರಣದ ಹೊರಗೆ ಕಾಣುವ ಕಾಂತಿ ಸಿಗುತ್ತದೆ. ನೀಲಿ ಬೆಳಕನ್ನು ಗಾಳಿ ಹೆಚ್ಚು ಚದುರಿಸುವುದರಿಂದ ಪ್ರತಿ ಬಣ್ಣದ ಸೋಸುಗಾಜಿಗೂ ಬೇರೆ ಲೆಕ್ಕ. ತೆಳುಮೋಡ ಬಂದರೆ ಗೆರೆ ನೇರ ಬರುವುದಿಲ್ಲ. ಆ ಅಳತೆಯನ್ನು ನಂಬುವಂತಿಲ್ಲ.

ಗಾಳಿಯೇ ಇಲ್ಲದ ಬಾಹ್ಯಾಕಾಶದಲ್ಲೂ ಮಾನಕ ನಕ್ಷತ್ರ ಬೇಕು, ಏಕೆಂದರೆ ಕನ್ನಡಿ, ಸಂವೇದಕಗಳ ಗ್ರಹಣಶಕ್ತಿ ಕಾಲಕ್ರಮದಲ್ಲಿ ಬದಲಾಗಬಹುದು. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕವನ್ನು ಜೋಡಿಸಿದ್ದು ಹೊಸಕೋಟೆಯಲ್ಲೇ. ಕಕ್ಷೆ ಸೇರಿದ ಮೇಲೆ ಅದರ ಅಳತೆಯನ್ನು ಪರೀಕ್ಷಿಸಲು ವಿಜ್ಞಾನಿಗಳು ಆರಿಸಿಕೊಂಡದ್ದು ಎಚ್‌ಜೆಡ್ 4 ಎಂಬ ಶ್ವೇತಕುಬ್ಜವನ್ನು. ಅದರ ಹೊರಪದರ ಬಹುಪಾಲು ಹೈಡ್ರೋಜನ್. ಹೀಗಾಗಿ ಎಷ್ಟು ನೇರಳಾತೀತ ಬೆಳಕು ಬರಬೇಕೆಂದು ಲೆಕ್ಕ ಹಾಕಬಹುದು. ಬೆಳಕು ಏರಿಳಿಯುವುದೂ ಇಲ್ಲ. ಆಸ್ಟ್ರೋಸ್ಯಾಟ್‌ನ ಈ ದೂರದರ್ಶಕ ಒಂದು ಗ್ಯಾಲಕ್ಸಿಯ ಕಾಂತಿ ಇಷ್ಟೆಂದು ಹೇಳಿದರೆ, ಆ ಅಂಕಿಗೆ ಆಧಾರ ವೃಷಭ ರಾಶಿಯ ಈ ಪುಟ್ಟ ಶ್ವೇತಕುಬ್ಜ.